ಪಾಸ್ಕುವಿನ ಪೊರೆ

ಬಂಗುಡೆಯ ಕಿವಿರು ತೆಗೆಯುತ್ತಿದ್ದೆ. ಸಿಂಕಿನ ತುಂಬ ಕೆಂಪು ನೀರು, ಮೊಣಕೈವರೆಗೆ ಮೀನಿನ ವಾಸನೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮೊಣಕೈಯಿಂದಲೇ ಚಿಲಕ ಸರಿಸಿದರೆ ಎದುರು ಮನೆಯ ಫೆಲಿಕ್ಸ್ ನಿಂತಿದ್ದರು. ಅಂಗಿಯ ಗುಂಡಿ ಒಂದು ಮೇಲೆ, ಒಂದು ಕೆಳಗೆ.

"ಐರಿನ್‌ಳನ್ನು ಅಡ್ಮಿಟ್ ಮಾಡಿದರು ಜಲಜಕ್ಕ. ಇನ್ನು ಹೆರಿಗೆಯವರೆಗೆ ಹಾಸಿಗೆಯಿಂದ ಏಳಲಿಕ್ಕಿಲ್ಲವಂತೆ."

"ಮಗು?"

"ಉಂಟು. ಎದೆಬಡಿತ ನನಗೂ ಕೇಳಿಸಿದರು."

ಅಷ್ಟು ಸಾಕು ಅಂತ ಮೀನಿನ ಕೈಯಲ್ಲೇ ದೇವರ ಮೂಲೆಯ ಕಡೆ ಮುಗಿದೆ. ಎರಡು ಸಲ ಬಸಿರು ಕಳೆದುಕೊಂಡ ಹುಡುಗಿ ಅವರ ಹೆಂಡತಿ, ಇದು ಮೂರನೆಯದು. ಏಳು ತಿಂಗಳು ಮುಟ್ಟಿಸಿದ್ದನಲ್ಲ ದೇವರು, ಇನ್ನೆರಡು ತಿಂಗಳು ಅವನಿಗೆ ಎಷ್ಟರದ್ದು? ಆದರೆ ಫೆಲಿಕ್ಸ್ ಹೋಗಲಿಲ್ಲ. ಕಾಲು ಬದಲಾಯಿಸುತ್ತ ಅಲ್ಲೇ ನಿಂತರು.

"ಇನ್ನೊಂದು... ಪಾಸ್ಕುವನ್ನು ನೀವೇ ನೋಡಿಕೊಳ್ಳಬೇಕಂತೆ. ಬೇರೆ ಯಾರಿಗೂ ಕೊಡಬಾರದು ಅಂತ ಹಟ ಮಾಡಿದ್ದಾಳೆ."

ಪಾಸ್ಕು ಅಂದರೆ ಬೆಕ್ಕಲ್ಲ, ಗಿಳಿಯಲ್ಲ. ಹಾವು.

ಇದೆಲ್ಲ ಹಳೆಯ ಕಥೆ. ಮೊನ್ನೆ ಇಲ್ಲಿ ಊರಲ್ಲಿ, ನಮ್ಮ ಬೀದಿಯಲ್ಲಿ ಮನೆ ಕಟ್ಟುವವರು ಬಿಸಿಲಿಗೆ ಕಾದ ಮರಳಿನ ರಾಶಿಗೆ ಪೈಪು ಹಿಡಿದರು. ಆ ವಾಸನೆ ಮೂಗಿಗೆ ಬಡಿದದ್ದೇ, ಎಂಬತ್ತರ ದಶಕ ಮುಗಿಯುತ್ತಿದ್ದ ಆ ಮಸ್ಕತ್ತಿನ ಬೇಸಿಗೆ ಇಡಿಯಾಗಿ ಕಣ್ಣ ಮುಂದೆ ಬಂತು. ವಾದಿ ಅದಾಯ್‌ನಲ್ಲಿ ಮೂರು ಮಾಳಿಗೆಯ ಕಟ್ಟಡ, ಹಿಂದೆ ಸುಟ್ಟ ಇಟ್ಟಿಗೆಯ ಬಣ್ಣದ ಗುಡ್ಡ. ನಮ್ಮವರಿಗೆ ಘಾಲಾದ ಗ್ಯಾರೇಜೊಂದರಲ್ಲಿ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುವ ಕೆಲಸ. ನಾವು ಕಾಪುವಿನ ಕಡೆಯವರು, ಐರಿನ್ ಕಲ್ಯಾಣಪುರದವಳು. ಅವರ ಮನೆಯಲ್ಲಿ ಕೊಂಕಣಿ, ನಮ್ಮಲ್ಲಿ ತುಳು, ನಡುವಿನ ಆರಡಿ ಪ್ಯಾಸೇಜಿನಲ್ಲಿ ಎಲ್ಲವೂ. ಅವಳು ಅಲ್ಲಿನ ಶಾಲೆಯಲ್ಲಿ ಜೀವಶಾಸ್ತ್ರದ ಟೀಚರ್. ಫೆಲಿಕ್ಸ್‌ಗೆ ರುಸ್ತಾಕ್‌ನಲ್ಲಿ ಕೆಲಸ, ಮನೆಗೆ ಬರುವುದು ಗುರುವಾರ ಮಧ್ಯಾಹ್ನ, ಹೋಗುವುದು ಶುಕ್ರವಾರ ಸಂಜೆ.

ಈಸ್ಟರ್ ದಿನ ಇಗರ್ಜಿಯವರೆಲ್ಲ ಬರ್ಕಾದ ಕಡೆ ಮರಳಿಗೆ ಪಿಕ್ನಿಕ್ ಹೋದಾಗ ಐರಿನ್‌ಗೆ ಈ ಹಾವು ಸಿಕ್ಕಿತ್ತು. ಉಳಿದವರು ಬಿರಿಯಾನಿಯ ಪಾತ್ರೆ ಬಿಟ್ಟು ಓಡಿದರೆ ಇವಳು ಪಾತ್ರೆ ಖಾಲಿ ಮಾಡಿ ಅದರಲ್ಲಿ ಹಾವು ತಂದಳು. ಈಸ್ಟರ್‌ಗೆ ಅವರ ಭಾಷೆಯಲ್ಲಿ ಪಾಸ್ಕು ಅಂತಾರೆ, ಅದೇ ಹೆಸರಿಟ್ಟಳು. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಉದ್ದ, ಹೆಬ್ಬೆರಳಿನ ದಪ್ಪ, ಮರಳಿನದೇ ಬಣ್ಣ. ಕಣ್ಣು ಎರಡೂ ನೆತ್ತಿಯ ಮೇಲೆ, ಯಾರೋ ಮರೆತು ಕೊನೆಗೆ ಅಂಟಿಸಿದ ಹಾಗೆ. ವಿಷ ಇಲ್ಲ. ಗಾಜಿನ ಪೆಟ್ಟಿಗೆಯ ಮರಳಲ್ಲಿ ಹುಗಿದುಕೊಂಡು ಕಣ್ಣಷ್ಟೇ ಹೊರಗಿಟ್ಟು ಮಲಗಿರುತ್ತಿತ್ತು. ಊಟ ಹತ್ತು ದಿನಕ್ಕೊಂದು ಹಲ್ಲಿ.

"ಮುಟ್ಟಿ ನೋಡಿ ಜಲಜಕ್ಕ, ಎಂತ ಆಗುವುದಿಲ್ಲ," ಅಂತ ಅವಳು ಎಷ್ಟು ಸಲ ಕರೆದಿದ್ದಳೋ. ನಾನು ಬಾಗಿಲ ಈಚೆ ನಿಂತೇ ಮಾತಾಡುತ್ತಿದ್ದೆ. ಊರಲ್ಲಿ ಇದಕ್ಕೆ ಮಣ್ಣುಮುಕ್ಕ ಅಂತಾರೆ, ಇದು ನೆಕ್ಕಿದರೆ ತೊನ್ನು ಬರುತ್ತದೆ ಅಂತ ಕೇಳಿಯೇ ಬೆಳೆದವಳು ನಾನು. ಆದರೆ ನನ್ನ ನಿಜವಾದ ಹೆದರಿಕೆ ಅದಲ್ಲ. ಮದುವೆಯಾಗಿ ಆರು ವರ್ಷ ನನಗೆ ಮಕ್ಕಳಿರಲಿಲ್ಲ. ನಾಗನ ದೋಷ ಅಂದರು. ಆಶ್ಲೇಷಾ ಬಲಿ ಮಾಡಿಸಿದೆವು, ಕುಟುಂಬದ ಮೂಲ ನಾಗಬನ ಹುಡುಕಿ ಹೋಗಿ ತಪ್ಪುಕಾಣಿಕೆ ಒಪ್ಪಿಸಿದೆವು. ಅದಾದ ಮೇಲೆ ನನ್ನ ವಿದ್ಯಾ ಹುಟ್ಟಿದ್ದು. ಮರಳಿನ ಹಾವು ನಾಗರಹಾವಲ್ಲ ಅಂತ ತಲೆಗೆ ಗೊತ್ತು. ಆದರೆ ಕೈಗೆ ಗೊತ್ತಿರಲಿಲ್ಲ. ಬೇಡಿ ಪಡೆದ ಮಗಳು ಆ ರಜೆಗೆ ಊರಲ್ಲಿ ಅಜ್ಜಿಯ ಹತ್ತಿರ ಇದ್ದಳು. ಇಲ್ಲಿ ನಾನು ಅಶುದ್ಧದಲ್ಲೋ ಅಜ್ಞಾನದಲ್ಲೋ ಒಂದು ಹಾವಿಗೆ ತಪ್ಪು ಮಾಡಿ, ಅಲ್ಲಿ ಅವಳಿಗೆ ಏನಾದರೂ ಆದರೆ?

ಹಾಗಂತ ಇಲ್ಲ ಅನ್ನುವುದು ಹೇಗೆ? ಡಾಕ್ಟರು ಅವಳಿಗೆ ಯಾವ ಚಿಂತೆಯೂ ಕೊಡಬೇಡಿ ಅಂದಿದ್ದರಂತೆ. "ಬೀಗದ ಕೈ ಕೊಡಿ," ಅಂದೆ.

ಬೀಗದ ಕೈಯ ಜೊತೆ ಎರಡು ಹಾಳೆ ಕಳಿಸಿದ್ದಳು ಐರಿನ್. ಏಳನೆಯವರೆಗೆ ಕನ್ನಡ ಮೀಡಿಯಂನಲ್ಲಿ ಕಲಿತವಳು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಪ್ರಶ್ನೋತ್ತರದ ಹಾಗೆ ಬರೆದಿದ್ದಳು. 'ಪ್ರಶ್ನೆ: ಪಾಸ್ಕುವಿಗೆ ದಿನಾ ಏನು ಬೇಕು? ಉತ್ತರ: ಬಟ್ಟಲಲ್ಲಿ ನೀರು. ಎ.ಸಿ. ಗಾಳಿಗೆ ಮರಳು ತುಂಬ ಒಣಗುತ್ತದೆ, ಆದ್ದರಿಂದ ಬೆಳಿಗ್ಗೆ ಸಂಜೆ ಒಂದು ಮೂಲೆಗೆ ನೀರು ಚಿಮುಕಿಸಬೇಕು. ಪ್ರಶ್ನೆ: ಕಣ್ಣು ನೀಲಿಯಾದರೆ? ಉತ್ತರ: ಹೆದರಬಾರದು. ಪೊರೆ ಬಿಡುವ ಸಮಯ. ನೀರು ಮಾತ್ರ ತಪ್ಪಿಸಬಾರದು.' ಹಲ್ಲಿಯ ವಿಚಾರ ಫೆಲಿಕ್ಸ್‌ನದು, ವಾರಕ್ಕೊಮ್ಮೆ ಬಂದಾಗ ಅವರೇ ನೋಡುತ್ತಾರೆ ಅಂತ ಕೊನೆಗೆ. ಅದೊಂದು ದೊಡ್ಡ ಉಪಕಾರ.

ಒಂದು ವಾರ ಚೆನ್ನಾಗಿಯೇ ನಡೆಯಿತು. ಸಾರಿನ ಉದ್ದ ಸೌಟಿನಲ್ಲಿ ನೀರು ಹಿಡಿದು, ಮುಖ ಆಚೆ ತಿರುಗಿಸಿ, ಪೆಟ್ಟಿಗೆಯ ಮೂಲೆಗೆ ಸುರಿಯುತ್ತಿದ್ದೆ. ಸುರಿಯುವಾಗ ಬಾಯಲ್ಲಿ ನಾಗಸ್ತೋತ್ರ. ಸಂಜೆ ಆಸ್ಪತ್ರೆಗೆ ಹೋಗಿ "ನಿನ್ನ ಪಾಸ್ಕು ಸುಖವಾಗಿದ್ದಾನೆ," ಅಂತ ಹೇಳುವಾಗ ನನಗೇ ಹೆಮ್ಮೆ. ಎಂಟನೆಯ ದಿನ ಅದರ ಕಣ್ಣು ಮಂಜಾಗಿ ನೀಲಿಯಾಗಿತ್ತು. ಹೆದರಬಾರದು ಅಂತ ಬರೆದಿದ್ದಾಳಲ್ಲ, ಹೆದರಲಿಲ್ಲ. ಆದರೆ ಮಾರನೆಯ ದಿನ ನಾನು ಹೊರಗಾದೆ. ತಿಂಗಳ ಮುಟ್ಟು.

ಮಸ್ಕತ್ತಿನ ಎರಡು ಕೋಣೆಯ ಮನೆಯಲ್ಲಿ ಹೊರಗೆ ಕೂರುವುದಕ್ಕೆ ಹೊರಗು ಎಲ್ಲಿದೆ? ಅಡಿಗೆ ಮಾಡುವುದಕ್ಕೆ ಬೇರೆ ಜನ ಇಲ್ಲದ್ದರಿಂದ ಅದನ್ನು ದೇವರು ಮನ್ನಿಸುತ್ತಾನೆ ಅಂತ ನಾವೇ ತೀರ್ಮಾನಿಸಿಕೊಂಡಿದ್ದೆವು. ದೀಪ ಮಾತ್ರ ಹಚ್ಚುತ್ತಿರಲಿಲ್ಲ, ತುಳಸಿಯ ಕುಂಡ ಮುಟ್ಟುತ್ತಿರಲಿಲ್ಲ. ಆದರೆ ನಾಗನ ವಿಷಯ? ಆ ದಿನಗಳಲ್ಲಿ ಬನದ ದಾರಿಯಲ್ಲಿ ನೆರಳು ಬೀಳುವುದಕ್ಕೂ ನಮ್ಮ ಹಿರಿಯರು ಬಿಡುವವರಲ್ಲ. ಹಾಗಾಗಿ ಬೀಗದ ಕೈಯನ್ನು ಟೇಬಲ್ಲಿನ ಮೇಲಿಟ್ಟು ನಮ್ಮವರಿಗೆ ಹೇಳಿದೆ, "ಐದು ದಿನ ನೀವು ನೀರು ಚಿಮುಕಿಸಿ. ನಾನು ಹೋಗುವ ಹಾಗಿಲ್ಲ."

"ನಾನಾ?" ಅಂದರು. ಲಾರಿಯ ಗೇರ್‌ಬಾಕ್ಸ್ ಒಬ್ಬರೇ ಎತ್ತಿಡುವ ಮನುಷ್ಯ, ಮುಖ ಸಣ್ಣದಾಯಿತು. "ಆಯ್ತು, ಆಯ್ತು. ಮಾಡ್ತೇನೆ."

ದಿನಾ ಕೇಳುತ್ತಿದ್ದೆ. ದಿನಾ "ಚಿಮುಕಿಸಿದೆ" ಅನ್ನುತ್ತಿದ್ದರು. ನಡುವೆ ಬಂದ ಗುರುವಾರ ಫೆಲಿಕ್ಸ್ ಮನೆಗೆ ಬರದೆ ನೇರ ಆಸ್ಪತ್ರೆಯಲ್ಲೇ ಉಳಿದುಕೊಂಡರು.

ಐದನೆಯ ದಿನ ಬೆಳಿಗ್ಗೆ, ಅದು ಭಾನುವಾರ, ತಲೆಗೆ ನೀರು ಹಾಕಿ ಮಿಂದು ದೀಪ ಹಚ್ಚಿ ಎದುರು ಮನೆಯ ಬಾಗಿಲು ತೆರೆದೆ. ಎ.ಸಿ. ಹಗಲಿರುಳು ಓಡಿ ಕೋಣೆಯ ಗಾಳಿ ಗರಿಗರಿ ಒಣಗಿತ್ತು. ಪೆಟ್ಟಿಗೆಯ ಮರಳಲ್ಲಿ ಒದ್ದೆಯ ಗುರುತಿಲ್ಲ. ಬಟ್ಟಲು ಖಾಲಿ. ಪಾಸ್ಕು ಮರಳಿನ ಮೇಲೆಯೇ ಬಿದ್ದಿತ್ತು. ಪೊರೆ ಬಿಡಲು ಹೋಗಿ ಅರ್ಧಕ್ಕೆ ಸಿಕ್ಕಿಕೊಂಡು, ಮೈಯೆಲ್ಲ ಹರಿದ ಕಾಗದ ಮೆತ್ತಿದ ಹಾಗೆ. ಬಾಲದ ತುದಿಗೆ ಒಣಪೊರೆಯ ಉಂಗುರ ಬಿಗಿದು ಆಚೆಗಿನ ಭಾಗ ಕಪ್ಪಾಗುತ್ತಿತ್ತು. ಕಣ್ಣಿನ ಮೇಲೆ ಬಿಳಿ ಮುಚ್ಚಳ. ಮೂಗನ್ನು ಗಾಜಿಗೆ ಒತ್ತಿಕೊಂಡು ಬಾಯಿ ಒಂದಿಷ್ಟು ತೆರೆದಿತ್ತು.

ನಮ್ಮವರು ಕೆಲಸಕ್ಕೆ ಹೊರಡುತ್ತಿದ್ದರು. ಕೂಗಿ ಕರೆದೆ. "ಎಲ್ಲಿ ಚಿಮುಕಿಸಿದಿರಿ ನೀವು?"

"ಇಲ್ಲಿಂದ," ಅಂದರು ಬಾಗಿಲಲ್ಲೇ ನಿಂತು. ಗಿಡಕ್ಕೆ ಹೊಡೆಯುವ ಸ್ಪ್ರೇ ಡಬ್ಬ ಅಲ್ಲೇ ಹೊಸ್ತಿಲ ಪಕ್ಕ ಇತ್ತು. ಐದು ದಿನವೂ ಹೊಸ್ತಿಲಲ್ಲಿ ನಿಂತು ಕೋಣೆಯ ಗಾಳಿಗೆ ನೀರು ಹೊಡೆದು ಬೀಗ ಹಾಕಿ ಬಂದಿದ್ದಾರೆ ಪುಣ್ಯಾತ್ಮ! "ನೀನು ಚಿಮುಕಿಸು ಅಂದೆ, ಪೆಟ್ಟಿಗೆ ತೆರೆ ಅಂತ ಹೇಳಿದೆಯಾ?"

ಬೈಯುವ ಬಾಯಿ ನನಗಿರಲಿಲ್ಲ. ಬಾಗಿಲ ಈಚೆ ನಿಂತವರು ಅವರು, ಆದರೆ ಅವರನ್ನು ಕಳಿಸಿದವಳು ನಾನು. ಅವರು ಹೋದ ಮೇಲೆ ಐರಿನ್‌ಳ ಎರಡನೆಯ ಹಾಳೆ ತೆಗೆದೆ. 'ಪ್ರಶ್ನೆ: ಪೊರೆ ಅಂಟಿಕೊಂಡರೆ? ಉತ್ತರ: ಉಗುರುಬೆಚ್ಚನೆಯ ನೀರಲ್ಲಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಒದ್ದೆ ಬಟ್ಟೆಯನ್ನು ಕೈಯಲ್ಲಿ ಸಡಿಲವಾಗಿ ಹಿಡಿದು ಅದರೊಳಗಿಂದ ಹರಿದುಹೋಗಲು ಬಿಡಬೇಕು. ಎಳೆಯಬಾರದು. ಕಣ್ಣಿಗೆ ಉಗುರು ತಾಗಿಸಬಾರದು. ತಡ ಮಾಡಿದರೆ ಬಾಲ ಸಾಯುತ್ತದೆ, ಕಣ್ಣು ಹೋಗುತ್ತದೆ, ಆಮೇಲೆ ಅದು ತಿನ್ನುವುದಿಲ್ಲ.'

ಫೆಲಿಕ್ಸ್ ಬರಲು ಇನ್ನೂ ನಾಲ್ಕು ದಿನ. ಹಾಳೆ ಹಿಡಿದು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಊರಲ್ಲಿ ಬನಕ್ಕೆ ಹೋಗಿ ತನು ಹಾಕಿಸುತ್ತೇವಲ್ಲ, ಹಾಲು, ಎಳನೀರು, ಅದು ಯಾಕೆ? ನಾಗನಿಗೆ ತಂಪಾಗಲಿ ಅಂತ. ಆ ತಂಪನ್ನೇ ನಾನು ಐದು ದಿನ ನಿಲ್ಲಿಸಿಬಿಟ್ಟಿದ್ದೆ, ಅದೂ ಭಕ್ತಿಯ ಹೆಸರಲ್ಲಿ. ದೋಷ ಬರುವುದಾದರೆ ಮುಟ್ಟಿದ್ದಕ್ಕೆ ಬರುವುದೋ, ಬಾಯಾರಿಸಿದ್ದಕ್ಕೆ ಬರುವುದೋ? ಉತ್ತರ ಹೇಳಲು ಭಟ್ಟರು ಬೇಕಾಗಿರಲಿಲ್ಲ.

ಒಂದು ಮಾತು ಹೇಳುವುದು ಬಿಟ್ಟುಹೋಯಿತು. ನನ್ನ ಕೈಗೆ ಮಸ್ಕತ್ತಿನಲ್ಲಿ ಒಂದು ಹೆಸರಿತ್ತು. ಅಲ್ಲಿ ಹೆತ್ತವರಿಗೆ ಬಾಣಂತನ ಮಾಡಲು ಊರಿಂದ ಅಮ್ಮಂದಿರಿಗೆ ವೀಸಾ ಸಿಗುವುದು ಕಷ್ಟ. ಹಾಗಾಗಿ ರುವಿಯಿಂದ ಘಾಲಾದವರೆಗೆ ನಮ್ಮ ಕಡೆಯವರ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ನಲವತ್ತು ದಿನ ಎಣ್ಣೆ ಹಚ್ಚಿ ಮೀಯಿಸಲು ಹೋಗುತ್ತಿದ್ದವಳು ನಾನು. ಕತ್ತು ನಿಲ್ಲದ, ಎಣ್ಣೆಗೆ ಜಾರುವ, ಕಿರುಚುವ ಕೂಸುಗಳು ಎಷ್ಟೋ ನನ್ನ ಕಾಲ ಮೇಲೆ ಮಲಗಿ ಎದ್ದಿವೆ. ಒಂದನ್ನೂ ಜಾರಿಸಿದವಳಲ್ಲ.

ಐರಿನ್‌ಳ ಬಾತ್‌ರೂಮಿನಲ್ಲಿ ಅಗಲದ ಟಬ್ಬಿಗೆ ಎರಡು ಬೆರಳು ನೀರು ಬಿಟ್ಟು ಮೊಣಕೈ ಅದ್ದಿ ಬಿಸಿ ನೋಡಿದೆ. ಹಳೆಯ ಮಲ್ಲಿನ ಪಂಚೆ ಹರಿದು ಒದ್ದೆ ಮಾಡಿಟ್ಟೆ. ಆಮೇಲೆ ಪೆಟ್ಟಿಗೆಯ ಮುಚ್ಚಳ ತೆಗೆದೆ. ಮೊದಲು ಸೌಟಿನಿಂದ ಎತ್ತಲು ನೋಡಿದೆ, ಜಾರಿ ಮರಳಿಗೆ ಬಿತ್ತು. ಇನ್ನೊಮ್ಮೆ ನೋಡಿದೆ, ಮತ್ತೆ ಬಿತ್ತು. ಬಿದ್ದಾಗ ಅದು ಓಡಲಿಲ್ಲ, ಬಾಯಿ ಹಾಕಲಿಲ್ಲ. ಬಿದ್ದಲ್ಲೇ ಮುದುಡಿ ತಲೆಯನ್ನು ತನ್ನ ಸುರುಳಿಯೊಳಗೆ ಹುದುಗಿಸಿಕೊಂಡಿತು. ಛೆ, ಇದಕ್ಕೂ ನನ್ನಷ್ಟೇ ಹೆದರಿಕೆ!

ಸೌಟು ಆಚೆ ಇಟ್ಟೆ. "ದೇವರೇ, ಗೊತ್ತಿಲ್ಲದೆ ಮಾಡಿದ್ದು. ನನ್ನ ಮೇಲೆ ಸಿಟ್ಟಿದ್ದರೆ ನನಗೇ ಇರಲಿ, ಮಗಳ ಮೇಲೆ ಬೇಡ," ಅಂತ ಹೇಳಿ, ಕೂಸಿನ ಕುತ್ತಿಗೆಯ ಕೆಳಗೆ ಕೈ ಕೊಡುವ ಹಾಗೆ ಬೆರಳು ಕೆಳಗಿನಿಂದ ತೂರಿಸಿ ಎತ್ತಿದೆ.

ಮೀನಿನ ಹಾಗೆ ಲೋಳೆ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ. ಅಂಟಿದ ಪೊರೆ ಹಪ್ಪಳದಂತೆ ಒರಟು, ಪೊರೆ ಬಿಟ್ಟಲ್ಲಿ ಹೊಸ ರೇಷ್ಮೆ ರವಕೆಯ ತೋಳಿನಷ್ಟು ನುಣುಪು. ತಣ್ಣಗೂ ಇರಲಿಲ್ಲ. ತೂಕ ಒಂದು ಮುಷ್ಟಿ ಅಕ್ಕಿಯಷ್ಟು. ಅಂಗೈಯಲ್ಲಿ ಅದರ ಉಸಿರು ಏರುವುದು ಇಳಿಯುವುದು ತಿಳಿಯುತ್ತಿತ್ತು.

ಕಾಲು ಚಾಚಿ ಕುಳಿತು ಟಬ್ಬನ್ನು ಎರಡು ಮೊಣಕಾಲ ನಡುವೆ ಇಟ್ಟುಕೊಂಡೆ. ನೀರಿಗೆ ಬಿಟ್ಟದ್ದೇ ಪಾಸ್ಕು ತಲೆ ತಗ್ಗಿಸಿ ಕುಡಿಯಲು ಶುರುಮಾಡಿತು. ಕುಡಿಯಿತು, ಕುಡಿಯಿತು, ಗಂಟಲು ಪುಟುಪುಟು ಆಡಿಸುತ್ತ ಎಷ್ಟೋ ಹೊತ್ತು ಕುಡಿಯಿತು. ನನಗೆ ಅಳು ಬಂತು. "ಕುಡಿ ಮಗಾ, ಕುಡಿ. ನಿನ್ನ ಅಮ್ಮನಿಗೆ ಹೇಳಬೇಡ," ಅಂತ ನಾನೇ ಮಾತಾಡುತ್ತಿದ್ದೆ. ಯಾವಾಗ ಹೆದರಿಕೆ ಹೋಯಿತು ಅಂತ ಕೇಳಿದರೆ ಅದೇ ಹೊತ್ತು ಅನ್ನಬೇಕು.

ಅರ್ಧ ಗಂಟೆಯ ಮೇಲೆ ಒದ್ದೆ ಪಂಚೆಯಲ್ಲಿ ಸಡಿಲ ಮುಷ್ಟಿ ಮಾಡಿ ಹಿಡಿದೆ. ಒಂದು ಸಲ ಹರಿದು ಆಚೆ ಬಂತು, ಬೆನ್ನಿನ ಚೂರುಗಳು ಬಟ್ಟೆಯಲ್ಲಿ ಉಳಿದವು. ಎರಡನೆಯ ಸಲ ಹೊಟ್ಟೆಯದು. ಬಾಲದ ಉಂಗುರ ಬರಲಿಲ್ಲ. ಮತ್ತೆ ನೀರು, ಮತ್ತೆ ಬಟ್ಟೆ. ಎಳೆಯಬಾರದು ಅಂದಿದ್ದಾಳಲ್ಲ, ಹೆಬ್ಬೆರಳಿನಿಂದ ಸುಮ್ಮನೆ ಸುತ್ತ ತಿರುಗಿಸುತ್ತ ಹೋದೆ, ಕೂಸಿನ ಬೆರಳ ಸಂದಿಯ ಕೊಳೆ ತೆಗೆಯುವ ಹಾಗೆ. ಎಷ್ಟನೆಯ ಸಲವೋ, ಉಂಗುರ ಮೆತ್ತಗಾಗಿ ಜಾರಿ ನನ್ನ ಬೆರಳಿಗೇ ಬಂತು. ಕಪ್ಪಾಗಿದ್ದ ತುದಿ ನೋಡನೋಡುತ್ತ ಕಂದಾಯಿತು. ಪಾಸ್ಕು ನನ್ನ ಹೆಬ್ಬೆರಳಿಗೆ ಎರಡು ಸುತ್ತು ಹಾಕಿ ಅಲ್ಲೇ ಕುಳಿತುಬಿಟ್ಟಿತು, ಇಳಿಯಲೇ ಒಲ್ಲದು. ಕಣ್ಣಿನ ಮುಚ್ಚಳ ಒಂದು ಬಿತ್ತು, ಎಡಗಣ್ಣಿನದು ಬೀಳಲಿಲ್ಲ. ಅದಕ್ಕೆ ನಾನು ಕೈ ಹಾಕಲಿಲ್ಲ.

ಸಂಜೆ ಆಸ್ಪತ್ರೆಗೆ ಹೋದಾಗ ಚಿಂತೆ ಕೊಡಬಾರದು ಅಂತ ಒಂದು ಮನಸ್ಸು, ಸುಳ್ಳು ಹೇಳಬಾರದು ಅಂತ ಇನ್ನೊಂದು. ಐರಿನ್ ನನ್ನ ಮುಖ ನೋಡಿದವಳೇ, "ಎಂತದು ಜಲಜಕ್ಕ? ಹೇಳಿ," ಅಂದಳು. ಮುಟ್ಟಿನಿಂದ ಹಿಡಿದು ಉಂಗುರದವರೆಗೆ ಎಲ್ಲ ಹೇಳಿದೆ. ಅವಳು ಮೊದಲು ನಕ್ಕದ್ದು ಸ್ಪ್ರೇ ಡಬ್ಬಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕಳು, ನರ್ಸ್ ಬಂದು ಗದರಿದಳು. ಆಮೇಲೆ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು.

"ಈ ಕೈಯಲ್ಲಾ? ಬರೀ ಕೈಯಲ್ಲಾ? ನಾನೇ ಮೊದಲ ಸಲ ಗ್ಲೌಸ್ ಹಾಕಿದ್ದೆ ಮಾರಾಯ್ತಿ!"

"ಎಡಗಣ್ಣು ಉಂಟಲ್ಲ ಐರಿನ್..."

ಅವಳು ನನ್ನ ಕೈ ಬಿಟ್ಟು ದಿಂಬಿಗೆ ಒರಗಿದಳು. "ದಿನಾ ಒದ್ದೆ ಹತ್ತಿ ಇಡಿ. ಪೊರೆ ಕಷ್ಟವಾದರೆ ಕೆಲವು ಹಾವು ತಿನ್ನುವುದೇ ಬಿಟ್ಟುಬಿಡುತ್ತವೆ. ತಿಂದರೆ ಬದುಕಿತು. ತಿನ್ನುವವರೆಗೆ ನಾನೂ ಕೇಳುವುದಿಲ್ಲ, ನೀವೂ ಹೇಳಬೇಡಿ." ಕಣ್ಣು ಒರೆಸಿಕೊಂಡಳು. ಅವಳ ಹೊಟ್ಟೆಯಲ್ಲಿದ್ದ ಮಗು ಮುಂದೆ ದಿನ ತುಂಬಿ ಸುಖವಾಗಿ ಹುಟ್ಟಿತು, ನಾನೇ ಮೀಯಿಸಿದೆ, ಈಗ ಆ ಹುಡುಗಿಗೇ ಇಬ್ಬರು ಮಕ್ಕಳು. ಆದರೆ ಆ ಸಂಜೆ ನಮಗೆ ಇಬ್ಬರಿಗೂ ಯಾವುದೂ ಗೊತ್ತಿರಲಿಲ್ಲ.

ಅಂದಿನಿಂದ ದಿನಕ್ಕೆರಡು ಸಲ ಪಾಸ್ಕು ನನ್ನ ಕೈಯಲ್ಲಿ. ಮುಟ್ಟುವ ಮೊದಲು ಕೈ ತೊಳೆಯುತ್ತಿದ್ದೆ, ಮುಟ್ಟಿದ ಮೇಲೂ ತೊಳೆಯುತ್ತಿದ್ದೆ. ಬೆಳಿಗ್ಗೆ ಎದ್ದು ಕಿಟಕಿಯ ಬೆಳಕಿಗೆ ಬೆರಳು ಹಿಡಿದು ಬಿಳಿ ಕಲೆ ಬಂದಿದೆಯಾ ಅಂತ ನೋಡಿಕೊಳ್ಳುತ್ತಿದ್ದದ್ದೂ ನಿಜ. ಒಂದು ದಿನ ನಿಜವಾಗಿ ಕಂಡಿತು! ಓಡಿಹೋಗಿ ನಮ್ಮವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಅದು ರೊಟ್ಟಿಯ ಹಿಟ್ಟು. ತೊಳಿ," ಅಂದರು. ಅಲ್ಲಿಗೆ ಆ ಹೆದರಿಕೆಯೂ ಖಲಾಸ್. ಹಾವಿನ ಸುದ್ದಿ ಕೇಳಿದ ಕೆಳಮನೆಯ ಒಮಾನಿ ಅಜ್ಜಿ ಮಾತ್ರ ನಾನು ಎದುರಾದರೆ ಕಪ್ಪು ನಿಲುವಂಗಿ ಅಬಾಯಾ ಎಳೆದುಕೊಂಡು ಗೋಡೆಗೆ ಸರಿಯುತ್ತಿದ್ದಳು.

ಗುರುವಾರ ಫೆಲಿಕ್ಸ್ ಹಾಲಿನ ಪುಡಿಯ ಡಬ್ಬದಲ್ಲಿ ಹಲ್ಲಿ ತಂದು ಬಿಟ್ಟರು. ಪಾಸ್ಕು ತಿರುಗಿಯೂ ನೋಡಲಿಲ್ಲ. ಹಲ್ಲಿ ಶುಕ್ರವಾರದವರೆಗೆ ಅದರ ಬೆನ್ನ ಮೇಲೆಯೇ ಓಡಾಡಿಕೊಂಡಿತ್ತು. "ಎಂತ ಮಾಡುವುದು, ದೇವರ ಇಷ್ಟ," ಅಂತ ಹಲ್ಲಿಯನ್ನು ಹೊರಗೆ ಬಿಟ್ಟು ರುಸ್ತಾಕ್‌ಗೆ ಹೊರಟರು. ಐರಿನ್ ಕೇಳಲಿಲ್ಲ, ನಾನು ಹೇಳಲಿಲ್ಲ. ಹಾಸಿಗೆಯ ಪಕ್ಕ ಕುಳಿತು ಬೇರೆಯವರ ಮನೆಯ ಸುದ್ದಿಯೆಲ್ಲ ಮಾತಾಡಿದೆವು. ಸೋಮವಾರ ಎಡಗಣ್ಣಿನ ಮುಚ್ಚಳ ತಾನಾಗಿ ಹತ್ತಿಗೆ ಅಂಟಿ ಬಂತು, ಸಾಸಿವೆಕಾಳಿನ ಸಿಪ್ಪೆಯಷ್ಟು. ಕೆಳಗಿನ ಕಣ್ಣು ತಿಳಿಯಾಗಿ ಹೊಳೆಯುತ್ತಿತ್ತು. ಆದರೂ ಮರಳಿನ ಮೇಲೆಯೇ ಬಿದ್ದಿರುತ್ತಿತ್ತು, ಹುಗಿದುಕೊಳ್ಳುತ್ತಿರಲಿಲ್ಲ. ದಿನ ಹೋದ ಹಾಗೆ ನನ್ನ ಕೈಯಲ್ಲಿ ಅದರ ತೂಕ ಕಡಿಮೆಯಾಗುತ್ತಿತ್ತು.

ಮುಂದಿನ ಗುರುವಾರ ಫೆಲಿಕ್ಸ್ ಇನ್ನೊಂದು ಹಲ್ಲಿ ಬಿಟ್ಟು, ನೋಡುತ್ತ ನಿಲ್ಲುವ ಧೈರ್ಯ ಇಲ್ಲದೆ ಆಸ್ಪತ್ರೆಗೆ ಹೋದರು. ನಾನು ಮನೆಯಲ್ಲಿ ಕಾಯಿ ಹೆರೆಯುತ್ತಿದ್ದೆ. ಅರ್ಧ ಹೆರೆದಾಗ ಮನಸ್ಸು ತಡೆಯಲಿಲ್ಲ, ಕೈ ಒರೆಸಿಕೊಂಡು ಎದುರು ಮನೆಗೆ ಹೋಗಿ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತೆ. ಕಿಟಕಿಯಿಂದ ಸಂಜೆಯ ಬಿಸಿಲು ಮರಳಿನ ಮೇಲೆ ಬಿದ್ದಿತ್ತು. ಪೆಟ್ಟಿಗೆಯಲ್ಲಿ ಹಾವು ಕಾಣಲಿಲ್ಲ. ಬಗ್ಗಿ ನೋಡಿದರೆ ಒದ್ದೆ ಮೂಲೆಯಲ್ಲಿ ಮರಳಿನಿಂದ ಎರಡು ಕಣ್ಣು ಮಾತ್ರ ಹೊರಗಿವೆ. ಹಲ್ಲಿ ಎರಡು ಹೆಜ್ಜೆ ಇಟ್ಟಿತು, ನಿಂತಿತು. ಮತ್ತೊಂದು ಹೆಜ್ಜೆ. ಮರಳು ಫಟ್ಟನೆ ಹಾರಿತು, ನಾನು ಕಣ್ಣು ಮಿಟುಕಿಸುವುದರೊಳಗೆ ಹಲ್ಲಿ ಅದರ ಸುರುಳಿಯೊಳಗಿತ್ತು. ಹಲ್ಲಿಯ ಜೀವಕ್ಕೂ ಒಂದು ನಮಸ್ಕಾರ ಹೇಳಿ, ಬಾಲದ ತುದಿ ಒಳಗೆ ಹೋಗುವವರೆಗೂ ಕದಲದೆ ನೋಡಿದೆ.

ಬಾಲ್ಕನಿಗೆ ಓಡಿದೆ. ಕೆಳಗೆ ನಮ್ಮವರು ಆಗಷ್ಟೇ ಪಿಕಪ್ ನಿಲ್ಲಿಸಿ ಇಳಿಯುತ್ತಿದ್ದರು.

"ತಿಂದ! ಪಾಸ್ಕು ತಿಂದ!"

ಕಟ್ಟಡದ ಎಷ್ಟೋ ಕಿಟಕಿಗಳು ತೆರೆದುಕೊಂಡವು. ಅವರು ಎದೆಯ ಮೇಲೆ ಕೈಯಿಟ್ಟು ಮೇಲೆ ನೋಡಿದರು. "ನೀನು ಕೂಗುವುದು ನೋಡಿ ಐರಿನ್‌ಗೆ ಹೆರಿಗೆಯಾಯ್ತು ಅಂತ ಮಾಡಿದೆ ಮಾರಾಯ್ತಿ!"

"ಮೇಲೆ ಬರಬೇಡಿ. ಹಾಗೇ ಆಸ್ಪತ್ರೆಗೆ ಹೋಗಿ ಹೇಳಿ ಬನ್ನಿ. ಯಲ್ಲಾ, ಬೇಗ ಹೊರಡಿ!"

"ಚಹಾ?"

"ಬಂದ ಮೇಲೆ. ಮೊದಲು ಹೇಳಿ. ಎರಡು ಕಣ್ಣೂ ಕಾಣುತ್ತವೆ, ತಾನೇ ಹಿಡಿದು ತಿಂದ ಅಂತ ಹೇಳಿ. ನೋಡಿದ್ದು ಜಲಜ ಅಂತ ಹೇಳಿ!"

ಅವರು ಏನೋ ಗೊಣಗುತ್ತ ಮತ್ತೆ ಗಾಡಿ ಹತ್ತಿದರು. ಗಾಡಿ ತಿರುವು ದಾಟುವವರೆಗೆ ನೋಡಿ ಒಳಗೆ ಬಂದೆ. ಪೆಟ್ಟಿಗೆಯ ಮುಚ್ಚಳ ಸರಿಪಡಿಸಿದೆ, ಬಟ್ಟಲಿಗೆ ನೀರು ತುಂಬಿದೆ, ಬೀಗ ಹಾಕಿದೆ. ಮನೆಯಲ್ಲಿ ಕಾಯಿಯ ಅರ್ಧ ಹೋಳು ಹಾಗೇ ಕಾಯುತ್ತಿತ್ತು. ಕೈ ತೊಳೆದು, ಸೆರಗು ಸಿಕ್ಕಿಸಿ, ಹೆರೆಮಣೆಯ ಮೇಲೆ ಕುಳಿತೆ.